ನಕ್ಷೆಯ ನಾನೂರು ಮೀಟರ್

ಸಭೆಯ ಊಟದ ವಿರಾಮದಲ್ಲಿ ಕಾಫಿಗೆ ಸಾಲು ನಿಂತಾಗ ನನ್ನ ಮುಂದೆ ಇಬ್ಬರಿದ್ದರು: ಫೈಬರ್ ಜಾಲದ ಮಾನದಂಡ ಸಮಿತಿಯ ಎಂಜಿನಿಯರ್ ಮತ್ತು ಆಸ್ಪತ್ರೆಯೊಂದರಲ್ಲಿ ಕೇಬಲ್ ಎಳೆಯುವ ಅವರ ತಮ್ಮ.

“ಹೊಸ ವೇಗದ ಜಾಲ ಐನೂರು ಮೀಟರ್ ತಲುಪಿದ್ರೆ ಸಾಕು ಕಣೋ. ನಿಮ್ಮ ಆಸ್ಪತ್ರೆಯ ಎರಡು ಕಟ್ಟಡಗಳ ನಡುವೆ ಇರೋದೇ ನಾನೂರು. ನಕ್ಷೆಯಲ್ಲಿ ಅಳೆದೆ.”

“ಕೇಬಲ್ಲೇನು ಗೋಡೆ ತೂರ್ಕೊಂಡು ಹೋಗುತ್ತಾ ಅಕ್ಕಾ? ಮೆಟ್ಟಿಲಿಳಿದು, ರಸ್ತೆ ಸುತ್ತಿ ಬರೋಷ್ಟರಲ್ಲಿ ಆರುನೂರಿಪ್ಪತ್ತು. ಎಳೆದವನು ನಾನೇ.”

“ಗುರಿ ಐನೂರಕ್ಕೇ ನಿಲ್ಲಿಸಿದ್ರೆ?”

“ಈಗಿರೋ ಕೇಬಲ್‌ಗೆ ಅದು ಸಾಲಲ್ಲ. ನೇರ ದಾರಿಗೆ ತುರ್ತು ಚಿಕಿತ್ಸೆಯ ಬಾಗಿಲ ಮುಂದೇನೇ ನೆಲ ಅಗೀಬೇಕು.”

“ಐನೂರರ ಪ್ರಸ್ತಾವ ನಂದೇ ಕಣೋ. ವರ್ಷವಿಡೀ ವಾದ ಮಾಡಿ ಎಲ್ಲರನ್ನೂ ಒಪ್ಪಿಸಿದ್ದೀನಿ. ಈಗ ಮತಕ್ಕೆ ಹಾಕ್ತಾರೆ.”

“ಒಳ್ಳೇದೇ ಆಯ್ತು. ತಿದ್ದೋಕೆ ಬೇರೆ ಯಾರ ಕಾಲೂ ಹಿಡೀಬೇಕಾಗಿಲ್ಲ.”

ಒಳಗೆ ಗಂಟೆ ಹೊಡೆಯಿತು.

“ಅಳತೆ ಬರೆದಿಟ್ಟಿದ್ದೀಯಾ?”

ತಮ್ಮ ಜೇಬಿನಿಂದ ಮಾಸಿದ ಪುಸ್ತಕ ತೆಗೆದುಕೊಟ್ಟ.

“ನನ್ನ ಕಾಫೀನೂ ನೀನೇ ಕುಡಿ,” ಎಂದು ಅಕ್ಕ ಸಭಾಂಗಣದತ್ತ ನಡೆದರು.