ಖಾಲಿ ಕೋವಿಯ ಪಾಠ

ಅಂಗಡಿ ಪರವಾನಗಿಗೆಂದು ಬೆಳಗಿನಿಂದ ಕಚೇರಿಯ ಬೆಂಚಿನಲ್ಲಿ ಕೂತು ದರ್ಜಿಗೆ ಸೊಂಟ ಹಿಡಿದಿತ್ತು. ಪಕ್ಕದಲ್ಲಿ ಒಬ್ಬ ತಾತ, ಬೆಳೆದ ಮೊಮ್ಮಗಳು. ಅವರ ಕಾಲ ಬಳಿ ಬಟ್ಟೆ ಸುತ್ತಿದ ಆರು ಹಳೇ ಜೋಡುನಳಿಗೆ ಕೋವಿಗಳು. ದರ್ಜಿಯ ಕಣ್ಣು ಪೇಪರಿನ ಮೇಲಿದ್ದರೂ ಕಿವಿ ಅತ್ತಲೇ ಇತ್ತು.

“ಒಂದನ್ನಾದ್ರೂ ಇಟ್ಕೋ ತಾತ. ನಲವತ್ತು ವರ್ಷ ಊರೂರು ಅಲೆದು ತಂದಿದ್ದು.”

“ಸಾಕಾಯ್ತಮ್ಮ, ಎಲ್ಲಾ ಸರ್ಕಾರಕ್ಕೇ ಒಪ್ಪಿಸ್ಬಿಡೋಣ. ಎಣ್ಣೆ ಹಚ್ಚಿ ಹಚ್ಚಿ ಕೈ ಸೋತಿದೆ.”

“ಮುಂದಿನ ವಾರ ಹನ್ನೆರಡು ಮಕ್ಕಳು ಕಾಡು ನೋಡೋಕೆ ಬರ್ತಿದಾರೆ. ಕೋವಿ ಹೆಗಲಿಗೇರಿಸಿ ನೀನು ಮುಂದೆ ನಡೀಬೇಕಲ್ವಾ?”

“ನೀನೇ ನಡಿ. ಹೆಜ್ಜೆಗುರುತು ನನಗಿಂತ ಚೆನ್ನಾಗಿ ಓದ್ತೀಯ.”

“ನಿನ್ ಹಾಗೆ ಪಾಠ ಹೇಳೋಕೆ ನಂಗೆ ಬರಲ್ಲ.”

“ಇರೋದು ಒಂದೇ ಪಾಠ. ಕೋವಿ ಕೈಗೆ ಬಂದ್ರೆ, ಕೊಟ್ಟೋನು ದೇವ್ರೇ ಆಗಿರ್ಲಿ, ತೆರೆದು ನೋಡು.”

“ಅದನ್ನ ನಿದ್ದೇಲೂ ಹೇಳ್ತೀನಿ. ಕೊಟ್ಬಿಡೋದ್ಯಾಕೆ ಅಂತ ಕೇಳ್ದೆ.”

“ಈಚೆಗೆ ಮರೆವು ಕಣೆ.”

“ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದೂ ಒಂದು ಮರೆವಾ? ಬರೀ ನೆಪ.”

ಗುಮಾಸ್ತ ತಾತನ ಸರದಿ ಕೂಗಿದ. ತಾತ ಮೊದಲ ಕೋವಿಯ ಬಟ್ಟೆ ಬಿಚ್ಚಿ ಮೊಮ್ಮಗಳ ಕೈಗಿಟ್ಟು, ಮಿಕ್ಕವುಗಳತ್ತ ಬಗ್ಗಿದ. ಅವಳು ರೂಢಿಯಂತೆ ನಳಿಗೆಯನ್ನು ನೆಲದತ್ತ ಬಾಗಿಸಿ ತೆರೆದಳು.

ಒಳಗೊಂದು ಸಿಡಿಯದ ತೋಟಾ ಇತ್ತು.

ದರ್ಜಿ ಪೇಪರು ಕೆಳಗಿಟ್ಟ. ತಾತ ನೋಡಿರಲಿಲ್ಲ. ಅವಳು ತೋಟಾವನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಆಯ್ತು, ನಿನ್ ಹಟವೇ ಗೆಲ್ಲಲಿ. ಯಾವುದನ್ನ ಇಟ್ಕೊಳ್ಳೋಣ ಹೇಳು,” ಎಂದ ತಾತ, ಇನ್ನೂ ಬಗ್ಗಿಯೇ.

“ಯಾವ್ದೂ ಬೇಡ ತಾತ. ಎಲ್ಲಾ ಕೊಟ್ಬಿಡೋಣ. ಕಾಡಿಗೆ ನೀನು ಬರಿಗೈಲೇ ಬಾ.”

ಅವಳು ತಾತನ ತೋಳು ಹಿಡಿದು ಗುಮಾಸ್ತನ ಕಿಟಕಿಯತ್ತ ನಡೆದಳು. ಇನ್ನೊಂದು ಕೈಯ ಮುಷ್ಟಿ ಬಿಚ್ಚಲೇ ಇಲ್ಲ.