ಅಪ್ಪನ ಪ್ರೊಟೆಸ್ಟ್ ಲೆಟರ್

ಒಮಾನಿನ ಸಲಾಲಾದ ಮೆಡಿಕಲ್ ಸೆಂಟರಿನಲ್ಲಿ ತೇಜಸ್ವಿಗಿಂತ ಮುಂದೆ ಇನ್ನೂ ಹನ್ನೊಂದು ಟೋಕನ್‌ಗಳಿದ್ದವು. ಎದುರಿನ ಕುರ್ಚಿಗಳಲ್ಲಿ ಬಂದರಿನ ಬ್ಯಾಡ್ಜ್ ತೊಟ್ಟ ಗುಮಾಸ್ತನೊಬ್ಬ, ಪಕ್ಕದಲ್ಲಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದ ಮಗಳು. ಕನ್ನಡ ಕಿವಿಗೆ ಬಿದ್ದದ್ದೇ ತೇಜಸ್ವಿ ಮೊಬೈಲನ್ನು ಕಿಸೆಗೆ ಹಾಕಿದ.

“ಡಿಬೇಟ್ ಎಂತಾಯ್ತು ತೃಪ್ತಿ? ಮಸ್ಕತ್ತಿನ ಫೈನಲಿಗೆ ಹೋಗ್ಲಿಕ್ಕುಂಟಾ?”

“ಮೊದಲು ಕೇಳಿ ಪಪ್ಪ. ಫಸ್ಟ್ ವರ್ಲ್ಡ್ ವಾರಲ್ಲಿ ಜರ್ಮನಿಯ ಸಬ್‌ಮರೀನ್ ಅಮೆರಿಕದವರೂ ಇದ್ದ ಲುಸಿಟಾನಿಯಾ ಹಡಗನ್ನು ಮುಳುಗಿಸಿತು, ಅಮೆರಿಕ ಕೂಡಲೇ ಯುದ್ಧಕ್ಕೆ ಇಳಿಯಿತು ಅಂತ ಎದುರು ಟೀಮಿನ ಹುಡುಗ ಹೇಳಿದ.”

“ಸರಿ ಅಲ್ವಾ?”

“ಅಲ್ಲ. ಇಳಿದದ್ದು ಎರಡು ವರ್ಷ ಆದ ಮೇಲೆ. ಅಷ್ಟು ದಿನ ಅಮೆರಿಕ ಎಂತ ಮಾಡ್ತಿತ್ತು ಅಂತ ಜಡ್ಜ್ ನನ್ನನ್ನು ಕೇಳಿದ್ರು.”

“ನೀನು ಎಂತ ಹೇಳಿದೆ?”

“ಪ್ರೊಟೆಸ್ಟ್ ಲೆಟರ್ ಬರೀತಿತ್ತು ಅಂದೆ. ಕಂಟೈನರ್ ಜಜ್ಜಿದ್ರೆ ನಷ್ಟಕ್ಕೆ ನೀವೇ ಹೊಣೆ ಅಂತ ನೀವು ಕ್ಯಾಪ್ಟನ್ನಿಗೆ ಬರೀತೀರಲ್ಲ, ಹಾಗೆ. ಲೆಟರಿನ ಮೇಲೆ ಲೆಟರ್. ಪ್ಯಾಸೆಂಜರ್ ಹಡಗು ಮುಟ್ಟುದಿಲ್ಲ ಅಂತ ಜರ್ಮನಿ ಒಪ್ಪಿತು. ಆ ಮಾತು ಮುರಿದ ಮೇಲೇ ಯುದ್ಧ.”

“ನನ್ನ ಲೆಟರಿಗೆ ಬೆಕ್ಕು ಸಹ ಹೆದರುದಿಲ್ಲ ಅಂತಾಳೆ ನಿನ್ನ ಅಮ್ಮ.”

“ಅಮ್ಮನಿಗೆ ನಾನು ಹೇಳ್ತೇನೆ. ಫಸ್ಟ್ ಬಂದಿದ್ದೇನೆ. ಮಸ್ಕತ್ತಿಗೆ ಹೋಗುದು ನಾನೇ.”

ಅವರ ಟೋಕನ್ ಕೂಗಿದಾಗ ತಂದೆ ಕಾಲರ್ ಸರಿಪಡಿಸಿಕೊಂಡು ಎದ್ದ. ಕೌಂಟರಿನವನು ಫಾರ್ಮಿನಿಂದ ತಲೆ ಎತ್ತದೆ, ಏನು ಕೆಲಸ ಮಾಡುವುದು ಎಂದು ಹಿಂದಿಯಲ್ಲಿ ಕೇಳಿದ.

ಬಂದರಿನಲ್ಲಿ ಪ್ರೊಟೆಸ್ಟ್ ಲೆಟರ್ ಬರೆಯುತ್ತೇನೆ ಎಂದು ತಂದೆ ಕೊನೆಯ ಸಾಲಿನ ಕುರ್ಚಿಗೂ ಕೇಳುವಂತೆ ಹೇಳಿ, ಮಗಳೊಂದಿಗೆ ಒಳಗೆ ಹೋದ.