ಹಿಂದ್‌ಹಿಂದಕ್ಕೆ ಹೊಂಟ ಮದ್ಲಿಂಗ

ಅದನ್ನೇ ಹೇಳ್ತಿದ್ದೆ ಕಣ್ಲಾ, ಈಗಿನ್ ಕಾರ್‌ಗಳಂಗಲ್ಲ ಅದು. ಟಿ ಮಾಡಲ್ ಅನ್ನೋರು. ನಾನ್ ಹುಟ್ಟೋಕ್ ಮುಂಚೇನೇ ಅಮೇರಿಕದಿಂದ ಹಡಗ್ನಾಗೆ ಬಂದಿದ್ದು. ಅಲ್ಲಿ ಇಟ್ಟಿಗೆ ಕುಯ್ದಂಗೆ ಒಂದೇ ಅಚ್ಚಿನಾಗೆ ಲಕ್ಷಗಟ್ಲೆ ಮಾಡಿದ್ರಂತೆ, ಒಬ್ಬ ಬರೀ ಚಕ್ರ ಸಿಗ್ಸೋನು, ಇನ್ನೊಬ್ಬ ಬರೀ ನಟ್ಟು ಬಿಗಿಯೋನು, ಅದುಕ್ಕೇ ಅಗ್ಗ, ಅದುಕ್ಕೇ ಅಲ್ಲಿ ಹೊಲ ಉಳೋರೂ ಕೊಂಡ್ಕೊಂಡ್ರಂತೆ. ಶಿರಾದ ರಿಪೇರಿ ಸಾಬ್ರು ಹೇಳೋರು, "ಅರೆ ಭಾಯ್, ಇದ್ಕೆ ಒಂದು ತಂತಿ, ಒಂದು ಸುತ್ತಿಗೆ ಇದ್ರೆ ಬಸ್!" ಅಂತ. ನಮ್ ಕೊರಟಗೆರೆ ಮಂಡಿ ಸಾವ್ಕಾರ್ರು ಅದನ್ನ ಯಾವ್ದೋ ಕಾಲದಾಗೆ ಕೊಂಡಿದ್ರು. ಏನ್ ಗತ್ತು ಅಂತೀಯ! ಕರ್ರಗೆ ಮಿರಮಿರ ಅನ್ನೋದು, ಎತ್ತರಕ್ಕೆ ನಿಂತಿರೋದು, ಕಲ್ಲು ಕೊರಕಲು ಏನಿದ್ರೂ ದಾಟ್ಕೊಂಡ್ ಹೋಗೋದು. ಮುಂದ್ಗಡೆ ಹ್ಯಾಂಡಲ್ ಹಾಕಿ ತಿರುಗಿಸ್ಬೇಕು, ಗ್ಯಾನ ತಪ್ಪಿದ್ರೆ ಒದೆಯೋದು, ಮುಂಗೈ ಲಟಕ್ಕನೆ ಮುರಿಯೋದು.

ನಮ್ಮಪ್ಪ ತೀರ್ಕೊಂಡು, ಹೊಲ ಇಲ್ಲ, ರಾಗಿಗೂ ರೇಷನ್ನು, ಅವ್ವಂಗೆ ಉಣ್ಣಾಕಿಕ್ಕೋದು ಹೆಂಗೆ ಅನ್ನೋ ಹೊತ್ನಾಗೆ ಆ ಕಾರ್ ಓಡ್ಸೋ ಕೆಲ್ಸ ಸಿಕ್ತು. ಹೊಟ್ಟೇಗ್ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಾನೇ ಅದು! ಆ ಕೆಲ್ಸ ನೋಡೇ ನಿಮ್ಮಜ್ಜೀನ ಕೊಡಕ್ಕೆ ಒಪ್ಪಿದ್ದು ಕಣಮ್ಮ. ಇಲ್ದಿದ್ರೆ ಈ ಮಕಕ್ಕೆ ಯಾರ್ ಹೆಣ್ ಕೊಡೋರು?

ಮದ್ವೆ ಕೊಳಾಲದಾಚೆ, ದಿಬ್ಬದ್ ಮ್ಯಾಲಿನ ಹಳ್ಳೀನಾಗೆ. ಸಾವ್ಕಾರ್ರು ಒಳ್ಳೇ ಮನ್ಸ, "ಕಾರ್ ತಗೊಂಡೋಗ್ಲಾ" ಅಂದ್ರು. ಅದನ್ನ ಓಡ್ಸಕ್ಕೆ ನನ್ ಬುಟ್ರೆ ಇನ್ಯಾರ್ಗೂ ಬರಲ್ಲ. ಮದ್ಲಿಂಗಾನೂ ನಾನೇ, ಡ್ರೈವರೂ ನಾನೇ! ಬಾಸಿಂಗ ಅಲ್ಲೋಗಿ ಕಟ್ಕೋಬೇಕು, ನಾನು ಇಲ್ಲೇ ಕಟ್ಕೊಂಡು ಪ್ಯಾಟೆ ಬೀದಿನಾಗೆ ಸುತ್ತಿದ್ದೇ ಸುತ್ತಿದ್ದು. ಎಲ್ರೂ ನೋಡ್ಲಿ ಅಂತ. ನೋಡಿದ್ರಪ್ಪ, ನೋಡ್ದೆ ಏನು, ಆದ್ರೆ ಪೆಟ್ರೋಲು ಅಲ್ಲೇ ಮುಗ್ದೋಯ್ತು. ಮುಗ್ದಿರ್ಲಿಲ್ಲ ಅನ್ನು, ತಳ ಕಾಣ್ತಿತ್ತು. ನಮ್ಮವ್ವನೂ ಸೋದರತ್ತೇನೂ ಹಿಂದ್ಗಡೆ ಕೂತಿದ್ರು.

ದಿಬ್ಬ ಹತ್ತಕ್ಕೆ ಶುರು ಮಾಡ್ತು, ಗೊರಗೊರ ಅಂತು, ನಿಂತೋಯ್ತು. ಯಾಕೆ ಗೊತ್ತಾ, ಪೆಟ್ರೋಲ್ ಟ್ಯಾಂಕು ಇದ್ದಿದ್ದು ನನ್ ಕುಂಡಿ ಕೆಳ್ಗೆ, ಸೀಟಿನಡೀಲಿ. ಅಲ್ಲಿಂದ ಇಂಜಿನ್‌ಗೆ ತಾನಾಗೇ ಇಳೀಬೇಕು. ಕಾರಿನ ಮೂತಿ ಮ್ಯಾಕಾದ್ರೆ, ಇರೋದ್ ಒಂದಿಷ್ಟು, ಎಲ್ಲಿಂದ ಇಳೀತದೆ? ಅದುಕ್ಕಿರೋದ್ ಒಂದೇ ಉಪಾಯ, ಹಿಂದ್‌ಹಿಂದಕ್ಕೆ ಹತ್ತೋದು, ಆಗ ಮೂತಿ ಕೆಳೀಕಾಗಿ ಪೆಟ್ರೋಲು ಇಳೀತದೆ. ಅಮೇರಿಕದೋರೂ ಅಂಗೇ ಹತ್ತೋರಂತೆ. ಕೆಳೀಕೆ ಬುಟ್ಟು, ತಿರುಗ್ಸಿ, ಹ್ಯಾಂಡಲ್ ಹೊಡ್ದು, ಹಿಂದಕ್ಕೋಡ್ಸೋ ನಡುವಿನ ಪೆಡಲ್ ತುಳ್ದೆ. ಸೋದರತ್ತೆ ಬಾಯ್ ಬಡ್ಕೊಂಡ್ಲು, "ಲೋ ಮೂದೇವಿ, ಹೆಣ್ಣಿನ್ ಮನೇಗೆ ಬೆನ್ ತೋರಿಸ್ಕೊಂಡು ಹೋಗ್ತಾರೇನ್ಲಾ!" "ಮೂರ್ತ ಮೀರ್ತದೆ, ಸುಮ್ಕಿರು ಅತ್ತೆ" ಅಂದೆ.

ಈಗ ಮ್ಯಾಲ್ಗಡೆ ಕತೆ ಕೇಳ್ರಿ. ಗಂಡಿನೋರು ಬಂದ್ರೆ ಊರ್ ಗಡೀಗೇ ಬಂದು, ವಾಲಗ ಊದ್ಸಿ, ಪಾನಕ ಕೊಟ್ಟು ಎದುರುಗೊಳ್ಬೇಕು, ಅದು ನಮ್ ಕಡೆ ಪದ್ಧತಿ. ಅದ್ ತಪ್ತೋ, ಬೀಗ್ರು ಮುನಿಸ್ಕೊಂಡು ವಾಪಸ್ ಹೋಗ್ಬುಡೋರು! ದಿಬ್ಬದ್ ಕೆಳ್ಗೆ ಬಾವಿ ಹತ್ರ ನಿಂತಿರ್ಬೇಕಿತ್ತು ನಮ್ ಮಾವ. ವಾಲಗದೋರು ತಡ ಮಾಡ್ಬುಟ್ರು, ಆವಯ್ಯ ಆಗ್ತಾನೆ ದಿಬ್ಬದ್ ತುದೀಗೆ ಬಂದವ್ನೆ. ಏನ್ ಕಾಣ್ತದೆ? ಕಾರಿನ್ ಬೆನ್ನು! ನಮ್ಮವ್ವನ ತುರುಬು, ಅತ್ತೆ ತುರುಬು! "ಅಯ್ಯಯ್ಯೋ, ಗಂಡು ವಾಪಸ್ ಹೊಂಟೋಯ್ತು!" ಅಂತ ಕೂಗ್ಕೊಂಡು, ಪಂಚೆ ಎತ್ಕಟ್ಟಿ ಓಡ್ಬಂದು, ತಲೆ ಮ್ಯಾಲಿನ ರುಮಾಲು ಬಿಚ್ಚಿ ದಾರಿಗೆ ಹಾಸಿ, ಧೂಳ್ನಾಗೆ ಕೂತ್ಬುಟ್ಟ. "ತೆಪ್ಪಾಯ್ತು ಅಳಿಮಯ್ಯ, ತಿರುಗ್ ಬಾರಪ್ಪ! ಮಗಳು ಅರಿಶಿಣ ಹಚ್ಕೊಂಡ್ ಕೂತವ್ಳೆ, ನೀ ಹೋದ್ರೆ ಇನ್ಯಾರ್ ಅವಳ ಕೈ ಹಿಡೀತಾರೆ?" ಕಾರು ತನ್ ಹತ್ರಾನೇ ಬತ್ತಾ ಅದೆ, ಗಾಬರೀಲಿ ಅದೇ ತಿಳೀತಿಲ್ಲ! ನಾನು ಕತ್ತು ಹಿಂದಕ್ಕೆ ತಿರುಗಿಸ್ಕೊಂಡು, "ಮಾವಾ, ಅತ್ಲಾಗ್ ಸರೀರಿ, ಪೆಡಲಿಂದ ಕಾಲ್ ತೆಗೆದ್ರೆ ಕಾರು ಕೆಳೀಕ್ ಹೋಗ್ತದೆ!" ಅಂತ ಅರಚ್ತೀನಿ. ಬ್ರೇಕು ಹೆಸ್ರಿಗಷ್ಟೇ ಇದ್ದಿದ್ದು. ಆವಯ್ಯಂಗೆ ನನ್ ಮಾತು ಸಿಟ್ಟಿನ್ ಮಾತಾಗ್ ಕೇಳ್ತು. "ನಾನ್ ಸರಿಯೋದಿಲ್ಲ, ಬೇಕಾದ್ರೆ ನನ್ ಮ್ಯಾಲೇ ಹತ್ಸು!" ಅಂದ. ಅದೇ ಹೊತ್ಗೆ ಬಾಸಿಂಗ ಜಾರಿ ನನ್ ಕಣ್ ಮ್ಯಾಲೆ ಬಿತ್ತು. ಹಿಂದೆ ಮಾವ, ಕೆಳ್ಗೆ ಬಾವಿ. ಸತ್ಯವಾಗ್ಲೂ ಹೇಳ್ತೀನಿ, ಜೀವ ಬಾಯಿಗ್ ಬಂದಿತ್ತು ಕಣ್ರಪ್ಪ.

ಗಂಡು ಹೋಯ್ತು ಅನ್ನೋ ಸುದ್ದಿ ಚಪ್ಪರಕ್ಕೆ ಮುಟ್ತಲ್ಲ, ನಿಮ್ಮಜ್ಜಿ ಹಸೆ ಮ್ಯಾಲಿಂದ ಎದ್ದು ಓಡ್ಬಂದವ್ಳೆ, ಮದುವಣಗಿತ್ತಿ! ಒಂದ್ ಸಲ ನೋಡಿದ್ಲು, ಅಪ್ಪನ ರಟ್ಟೆ ಹಿಡ್ದು ದರದರ ಎಳ್ದು ಬೇಲಿಗೆ ಹಾಕಿದ್ಲು. "ಏಳಪ್ಪೋ! ಬೆನ್ ತೋರ್ಸುದ್ರೂ ಇತ್ಲಾಗೇ ಬತ್ತಾವ್ನಲ್ಲ!" ಅಂದ್ಲು. ನಾನು ಬಾಸಿಂಗ ಮ್ಯಾಕೆ ಸರಿಸ್ಕೊಂಡು, ಅವ್ಳ ಮುಂದಿಂದ್ಲೇ ಹಿಂದ್‌ಹಿಂದಕ್ಕೆ ಹೋಗಿ ಚಪ್ಪರದ ಮುಂದೆ ನಿಲ್ಲಿಸ್ದೆ. ಮಾವ ತಬ್ಕೊಂಡು ಅತ್ತ. ನಂಗೂ ಅಳು ತಡೀಲಿಲ್ಲ. ಅದುಕ್ಕೇ ಹೇಳೋದು, ಮನ್ಸ ಹೆಂಗ್ ಬತ್ತಾವ್ನೆ ಅಂತ ಆಡ್ಕೋಬ್ಯಾಡ್ರಿ, ಬತ್ತಾವ್ನೋ ಇಲ್ವೋ ನೋಡ್ರಿ.